ಗೆದ್ದ ನೆಲ ಅರಗುವುದು ಹೇಗೆ?

ಹೋದ ಭಾನುವಾರ ಪತ್ರಿಕೆಯ ಚಂದಾ ವಸೂಲಿಗೆಂದು ಮಿಲ್ಲಿನ ಕಾರ್ಮಿಕ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಪಿ.ಯು.ಸಿ. ಓದುವ ಅವರ ಮಗ, ಕಂತಿನ ಮೇಲೆ ತಂದ ಹಳೆಯ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಪರದೆಯ ತುಂಬ ಹಿಂದೂಸ್ಥಾನದ ನಕ್ಷೆ. ಏನು ಸಂಕಟ ಮರೀ ಎಂದು ಕೇಳಿದೆವು.

“ಬಹಮನಿಯವರಿಂದ ರಾಯಚೂರು ಗೆದ್ದೆ ಮೇಷ್ಟ್ರೇ.”

“ಗೆದ್ದವನು ಹೀಗೆ ಕೂರುತ್ತಾನೆಯೇ?”

“ಗೆಲ್ಲೋದೇನು ಬಂತು, ಮೂರು ಲಡಾಯಿಗೆ ಮುಗೀತು. ಗೆದ್ದಿದ್ದನ್ನ ಅರಗಿಸಿಕೊಳ್ಳೋದೇ ಕಷ್ಟ.”

ಒಳಗಿನಿಂದ ತಂದೆಯ ದನಿ ಬಂತು: “ರಾತ್ರಿ ಎರಡರ ತನಕ ರಾಜ್ಯಭಾರ ನಡೆಯುತ್ತೆ ಮೇಷ್ಟ್ರೇ. ಬೆಳಿಗ್ಗೆ ಹಾಲು ತರೋದಕ್ಕೆ ಮಾತ್ರ ಮಹಾರಾಜರು ಏಳೋದಿಲ್ಲ.”

ನಾವು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಹುಡುಗನ ಆ ಒಂದು ಮಾತು ನಮ್ಮನ್ನು ಹಿಡಿದು ಕೂರಿಸಿತು. ಈ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಮಾಸ್ತರಿಕೆ ಮಾಡಿ ಇತಿಹಾಸದ ಪಾಠ ಹೇಳಿದವರು ನಾವು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು ಎಂದು ಬರೆಸಿ, ಕೆಳಗೆ ಗೆರೆ ಎಳೆಸಿ, ಮುಂದಿನ ಪಾಠಕ್ಕೆ ಹೋದವರು. ಗೆದ್ದ ಮರುದಿನ ರಾಯಚೂರಿನಲ್ಲಿ ಏನಾಯಿತು ಎಂದು ನಮ್ಮ ತರಗತಿಯಲ್ಲಿ ಒಬ್ಬನೂ ಕೇಳಲಿಲ್ಲ. ಕೇಳುವಂತೆ ನಾವು ಪಾಠ ಮಾಡಲೂ ಇಲ್ಲ. ಆ ಪ್ರಶ್ನೆಯನ್ನು ಸ್ವೀಡನ್ ದೇಶದ ಒಂದು ಆಟದ ಕಂಪನಿ ನಮ್ಮ ಕಾರ್ಮಿಕರ ಮಗನಿಗೆ ಕಲಿಸಿದೆ. ಇದು ನಮಗೆ ನಾಚಿಕೆಯ ಸಂಗತಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮಜೂರಿಯ ಪ್ರಶ್ನೆ, ಅಂಗಡಿಯ ತೆರಿಗೆ, ದವಸದ ಬೆಲೆ ಇಷ್ಟೆಲ್ಲ ಇರುವಾಗ ಈ ಪತ್ರಿಕೆಗೆ ಹುಡುಗರ ಆಟದ ಗೊಡವೆ ಏತಕ್ಕೆ ಎಂದು ಓದುಗರು ಕೇಳಿಯಾರು. ನಮ್ಮ ಉತ್ತರ ಇಷ್ಟೇ. ರಾಜ್ಯವೆಂದರೇನು, ಪ್ರಜೆಯೆಂದರೆ ಯಾರು, ದಂಗೆ ಏತಕ್ಕೆ ಏಳುತ್ತದೆ ಎಂಬುದನ್ನು ನಮ್ಮ ಮಕ್ಕಳು ಈಗ ಪಠ್ಯಪುಸ್ತಕದಿಂದಲೋ ಪತ್ರಿಕೆಯಿಂದಲೋ ಕಲಿಯುವುದಕ್ಕಿಂತ ಹೆಚ್ಚಾಗಿ ಇಂತಹ ಆಟಗಳಿಂದ ಕಲಿಯುತ್ತಿದ್ದಾರೆ. ಪಾಠ ಹೇಳುವವನು ಯಾರೇ ಇರಲಿ, ಪಾಠ ಏನೆಂದು ನೋಡುವುದು ತಂದೆತಾಯಿಗಳ ಕರ್ತವ್ಯ. ಆದ್ದರಿಂದ ನಾವು ನಾಲ್ಕೈದು ಸಂಜೆ ಆ ಹುಡುಗನ ಪಕ್ಕದಲ್ಲಿ ಕುಳಿತು ನೋಡಿದೆವು. ಕಂಡದ್ದನ್ನು ಬರೆಯುತ್ತಿದ್ದೇವೆ.

ಆಟದ ಲೆಕ್ಕ

ಆಟದ ಹೆಸರು ‘ಯೂರೋಪಾ ಯೂನಿವರ್ಸಾಲಿಸ್’. ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಎಂಬ ಕಂಪನಿಯದು. ಹುಡುಗ ಆಡುತ್ತಿದ್ದುದು 2013ರಲ್ಲಿ ಹೊರಬಂದ ನಾಲ್ಕನೆಯ ಆಟ. 1444ರ ನವೆಂಬರ್ ತಿಂಗಳಿನಲ್ಲಿ ಕಥೆ ಪ್ರಾರಂಭವಾಗಿ 1821ರಲ್ಲಿ ಮುಗಿಯುತ್ತದೆ. ಭೂಮಿಯ ಮೇಲಿನ ಯಾವ ರಾಜ್ಯವನ್ನಾದರೂ ಆರಿಸಿಕೊಂಡು ನಡೆಸಬಹುದು. ವಿಜಯನಗರವೂ ಇದೆ, ಬಹಮನಿಯೂ ಇದೆ. ಹುಡುಗ ವಿಜಯನಗರವನ್ನು ಹಿಡಿದಿದ್ದ.

ಇದು ಬರಿಯ ಕತ್ತಿ ಝಳಪಿಸುವ ಆಟವಲ್ಲ. ಯುದ್ಧ ಮುಗಿದು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ನಿಜವಾದ ತೊಡಕು. ಗೆದ್ದ ಸೀಮೆ ನಕ್ಷೆಯಲ್ಲಿ ನಿಮ್ಮ ಬಣ್ಣಕ್ಕೆ ತಿರುಗುತ್ತದೆ, ಆದರೆ ನಿಮ್ಮದಾಗುವುದಿಲ್ಲ. ಅದನ್ನು ‘ಸ್ವಂತ ನೆಲ’ ಮಾಡಿಕೊಳ್ಳಬೇಕು. ಅದಕ್ಕೆ ಆಡಳಿತದ ಅಂಕಗಳನ್ನು ಖರ್ಚು ಮಾಡಬೇಕು, ಸುಮಾರು ಮೂರು ವರ್ಷ ಕಾಯಬೇಕು. ಈ ಅಂಕಗಳು ತಿಂಗಳಿಗಿಷ್ಟು ಎಂದು ಬರುತ್ತವೆ. ರಾಜ ಜಾಣನಾದರೆ ಹೆಚ್ಚು, ದಡ್ಡನಾದರೆ ಕಡಿಮೆ. ಆಡಳಿತಕ್ಕೆ ಒಂದು ಚೀಲ, ರಾಜತಂತ್ರಕ್ಕೆ ಒಂದು ಚೀಲ, ಸೇನೆಗೆ ಒಂದು ಚೀಲ. ಒಂದರಲ್ಲಿ ಖಾಲಿಯಾದರೆ ಇನ್ನೊಂದರಿಂದ ತೆಗೆಯುವ ಹಾಗಿಲ್ಲ.

ಅರಗಿಸಿಕೊಳ್ಳದ ನೆಲ ಹೆಚ್ಚಾದಷ್ಟೂ ‘ಅತಿವಿಸ್ತಾರ’ ಎಂಬ ಅಂಕೆ ಏರುತ್ತದೆ. ನೂರು ದಾಟಿತೆಂದರೆ ಕೇಡು ಒಂದರ ಮೇಲೊಂದು ಬಂದೆರಗುತ್ತದೆ. ನಮ್ಮ ಅಂಗಡಿಕಾರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡವಾಳ ನೋಡದೆ, ಹಬ್ಬದ ಆಸೆಗೆ ಸಾಲದ ಮೇಲೆ ಸರಕು ತುಂಬಿದವನ ಗತಿಯೇ ಅದು. ಸರಕು ಅಂಗಡಿಯಲ್ಲಿದೆ, ಆದರೆ ಅವನದಲ್ಲ.

ಇನ್ನು ಗೆದ್ದ ಸೀಮೆಯ ಜನ. ಅವರಲ್ಲಿ ‘ಪ್ರತ್ಯೇಕತೆ’ ಮೂವತ್ತು ವರ್ಷ ಇರುತ್ತದೆ. ಮೊದಲನೆಯ ವರ್ಷ ಅತಿ ಹೆಚ್ಚು, ಬಳಿಕ ವರ್ಷವರ್ಷಕ್ಕೂ ಅಷ್ಟಷ್ಟೇ ಇಳಿಯುತ್ತಾ ಮೂವತ್ತನೆಯ ವರ್ಷಕ್ಕೆ ಸೊನ್ನೆ. ಅಸಮಾಧಾನ ಜಾಸ್ತಿಯಾದರೆ ದಂಗೆ ಏಳುತ್ತದೆ. ದಂಗೆಗೆ ಆಟಗಾರನ ಬಳಿ ಮೂರು ಮದ್ದು. ಒಂದು, ದಂಡು ಕಳುಹಿಸಿ ಬಡಿಯುವುದು. ಒಮ್ಮೆ ಬಡಿದರೆ ಕೆಲವು ಕಾಲ ಸೀಮೆ ತಣ್ಣಗಿರುತ್ತದೆ. ಎರಡು, ಸೇನೆಯ ಅಂಕ ಕೊಟ್ಟು ಮೊದಲೇ ಬೆದರಿಸುವುದು. ಮೂರು, ಆ ಸೀಮೆಗೆ ಸ್ವಾಯತ್ತತೆ ಹೆಚ್ಚಿಸುವುದು. ಹೆಚ್ಚಿಸಿದರೆ ಜನ ಸುಮ್ಮನಾಗುತ್ತಾರೆ, ಆದರೆ ನಿಮ್ಮ ಬೊಕ್ಕಸಕ್ಕೆ ಬರುವ ತೆರಿಗೆ ಕುಗ್ಗುತ್ತದೆ.

ಒಪ್ಪಬೇಕಾದದ್ದು

ಈ ಲೆಕ್ಕಾಚಾರದಲ್ಲಿ ಸತ್ಯವಿದೆ. ಕತ್ತಿಯಿಂದ ನೆಲ ಗೆಲ್ಲಬಹುದು, ಕತ್ತಿಯಿಂದಲೇ ಆಳಲಾಗದು. ನುಂಗುವುದು ಒಂದು ಗಳಿಗೆ, ಅರಗುವುದು ಒಂದು ತಲೆಮಾರು. ಸಾಮ್ರಾಜ್ಯಗಳು ಹಸಿವಿನಿಂದ ಸತ್ತದ್ದಕ್ಕಿಂತ ಅಜೀರ್ಣದಿಂದ ಸತ್ತದ್ದೇ ಹೆಚ್ಚು. ಇದನ್ನು ಹದಿನೇಳು ವರ್ಷದ ಹುಡುಗನಿಗೆ ಕಲಿಸಿದ ಆಟವನ್ನು ಹಾಳು ಆಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನೂ ಒಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಇಡೀ ದಖ್ಖನವನ್ನು ಏತಕ್ಕೆ ಒಮ್ಮೆಗೇ ತೆಗೆದುಕೊಳ್ಳುವುದಿಲ್ಲ ಎಂದು ಕೇಳಿದಾಗ ಹುಡುಗ ಹೇಳಿದ: “ಎಲ್ಲಾನೂ ನಾವೇ ನುಂಗಬಾರದು ಮೇಷ್ಟ್ರೇ. ಹಳೇ ಮನೆತನದವನೊಬ್ಬನನ್ನ ಗದ್ದಿಗೆ ಮೇಲೆ ಕೂರಿಸಿ ಸಾಮಂತ ಅನ್ನಬೇಕು. ದಂಗೆ ಎದ್ರೆ ಅವನ ತಲೆನೋವು, ಕಪ್ಪ ಮಾತ್ರ ನಮಗೆ. ಹತ್ತು ವರ್ಷ ಆದಮೇಲೆ ಮೆಲ್ಲಗೆ ಒಳಗೆ ಎಳ್ಕೋಬಹುದು.”

ನಾವು ದಂಗಾದೆವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಮಾಡಿದ್ದು ಇದೇ ಅಲ್ಲವೇ? ಕೆನರಾ, ಕೊಯಮತ್ತೂರು ಸೀಮೆಗಳನ್ನು ಕಂಪನಿ ಇಟ್ಟುಕೊಂಡಿತು. ಒಂದು ಪಾಲು ನಿಜಾಮನಿಗೆ ಹೋಯಿತು. ನಡುವಣ ಮೈಸೂರಿನ ಗದ್ದಿಗೆಯ ಮೇಲೆ ಐದು ವರ್ಷದ ಮಗು ಕೃಷ್ಣರಾಜ ಒಡೆಯರನ್ನು ಕೂರಿಸಿದರು, ದಿವಾನ್ ಪೂರ್ಣಯ್ಯನವರ ಕೈಗೆ ಆಡಳಿತ ಕೊಟ್ಟರು. ಕಂಪನಿಯ ದಂಡಿನ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕಟ್ಟಬೇಕೆಂದು ಬರೆಸಿಕೊಂಡರು. ರೂಪಾಯಿಯ ಲೆಕ್ಕದಲ್ಲಿ ಅದು 24.5 ಲಕ್ಷ. ಕಪ್ಪಕ್ಕೆ ಕುತ್ತು ಬಂತೆಂದು ತಮಗೆ ತೋರಿದರೆ ರಾಜ್ಯವನ್ನೇ ವಶಕ್ಕೆ ತೆಗೆದುಕೊಳ್ಳುವ ಹಕ್ಕನ್ನೂ ಅದೇ ಒಪ್ಪಂದದಲ್ಲಿ ಕಂಪನಿ ಬರೆಸಿಕೊಂಡಿತು. ನಾವು ಶಾಲೆಯಲ್ಲಿ ಇದನ್ನು ‘ಒಡೆಯರ ಮನೆತನದ ಪುನಃಸ್ಥಾಪನೆ’ ಎಂದು ಬರೆಸಿದ್ದೆವು. ಆ ಹುಡುಗನ ಬಾಯಲ್ಲಿ ಅದರ ನಿಜವಾದ ಹೆಸರು ಬಂತು.

ಇಲ್ಲಿಯವರೆಗೆ ಆಟಕ್ಕೆ ನಮ್ಮ ಜಯಕಾರ. ಇನ್ನು ತಕರಾರು.

ನಗರದ ರೈತರು ಪಂಚಾಂಗ ನೋಡಿ ಎದ್ದರೆ?

ಮೂವತ್ತು ವರ್ಷ ಕಳೆದರೆ ಪ್ರತ್ಯೇಕತೆ ಸೊನ್ನೆಯಾಗುತ್ತದೆ ಎಂಬ ಸೂತ್ರವನ್ನು ನಮ್ಮದೇ ನೆಲದ ಮೇಲೆ ಇಟ್ಟು ನೋಡೋಣ. ಬಿದನೂರನ್ನು ಹೈದರ್ ಅಲಿ ಗೆದ್ದದ್ದು 1763ರಲ್ಲಿ. ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ, ಅದೇ ಈಗಿನ ನಗರ. ಆಟದ ಸೂತ್ರದಂತೆ 1793ಕ್ಕೆ ಆ ಸೀಮೆ ಶಾಂತವಾಗಬೇಕು. 1799ರಲ್ಲಿ ಮತ್ತೆ ಪ್ರಭುತ್ವ ಬದಲಾಯಿತು, ಅಲ್ಲಿಂದ ಎಣಿಸಿ ಎನ್ನುತ್ತೀರಾ? ಹಾಗಾದರೆ 1829ಕ್ಕೆ ಸೊನ್ನೆ. ಯಾವ ಕಡೆಯಿಂದ ಎಣಿಸಿದರೂ 1830ರ ಹೊತ್ತಿಗೆ ಆಟದ ನಕ್ಷೆಯಲ್ಲಿ ನಗರ ಸೀಮೆ ತಣ್ಣಗೆ ಮಲಗಿರುತ್ತದೆ.

ನಿಜವಾಗಿ ನಡೆದದ್ದೇನು? 1830ರಲ್ಲಿಯೇ ನಗರ ಸೀಮೆಯ ರೈತರು ಊರೂರಿನಲ್ಲಿ ಕೂಟ ಸೇರಿದರು. ಕಂದಾಯ ಕಟ್ಟುವುದಿಲ್ಲ ಎಂದರು. ಆ ಕೂಟಗಳ ಕಿಚ್ಚು ಹಬ್ಬಿ ಬಂಡಾಯವಾಯಿತು. 1831ರಲ್ಲಿ ಕಂಪನಿಯ ದಂಡು ಬಂದು ಅದನ್ನು ಅಡಗಿಸಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ಒಪ್ಪಂದದ ಆ ಹಳೆಯ ಕಲಮನ್ನು ಮುಂದೆ ಹಿಡಿದು ಒಡೆಯರಿಂದ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಅದು ಅರಮನೆಗೆ ಮರಳಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ.

ರೈತರು ಏತಕ್ಕೆ ಎದ್ದರು? ಕೆಳದಿಯ ಮನೆತನದ ನೆನಪಿನಿಂದಲೇ? ತಾನೇ ಆ ಗದ್ದಿಗೆಗೆ ಬಾಧ್ಯಸ್ಥನೆಂದು ಹೇಳಿಕೊಂಡ ಬೂದಿ ಬಸವಪ್ಪ ಎಂಬಾತ ಬಂಡಾಯದ ಮುಂದೆ ನಿಂತದ್ದು ನಿಜ. ತರೀಕೆರೆಯ ಪಾಳೆಯಗಾರ ಮನೆತನದವರು ಸೇರಿದ್ದೂ ನಿಜ. ಆದರೆ ಗದ್ದಿಗೆಯ ಆಸೆ ಒಬ್ಬನಿಗಿರಬಹುದು, ಇಬ್ಬರಿಗಿರಬಹುದು. ಸಾವಿರಾರು ರೈತರಿಗೆ ಯಾವ ಗದ್ದಿಗೆ? ಅವರಿಗಿದ್ದುದು ಶರತ್ತಿನ ಉರುಳು.

ಶರತ್ತು ಎಂದರೇನೆಂದು ವಿವರಿಸಬೇಕು. ತಾಲ್ಲೂಕಿನ ಅಮಲ್ದಾರ ಇಷ್ಟು ಹಣ ವಸೂಲು ಮಾಡಿ ಕೊಡುತ್ತೇನೆಂದು ಸರ್ಕಾರಕ್ಕೆ ಮೊದಲೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹೀಗೆ ಬರೆದುಕೊಟ್ಟವನು ಮಳೆ ಬಂತೇ, ಬೆಳೆ ಆಯಿತೇ ಎಂದು ನೋಡುತ್ತಾನೆಯೇ? ತನ್ನ ಕುತ್ತಿಗೆಯ ಮೇಲಿನ ಕತ್ತಿಯನ್ನು ರೈತನ ಕುತ್ತಿಗೆಗೆ ದಾಟಿಸುತ್ತಾನೆ. ಮೇಲಿನವನು ಕೆಳಗಿನವನಿಗೆ ಗುರಿ ಗೊತ್ತುಮಾಡುವುದು, ಆ ಕೆಳಗಿನವನು ತನಗಿಂತ ಕೆಳಗಿನವನನ್ನು ಹಿಂಡುವುದು. ಮಿಲ್ಲಿನಲ್ಲಿ ತುಂಡುಲೆಕ್ಕದ ಕೆಲಸ ಮಾಡಿದ ನಮ್ಮ ಓದುಗರಿಗೆ ಈ ಏಣಿಯ ಪರಿಚಯ ಬೇಕಾಗಿಲ್ಲ. ಬಂಡಾಯದ ಕಾರಣವನ್ನು ವಿಚಾರಿಸಲು ಕಂಪನಿ ನೇಮಿಸಿದ ಸಮಿತಿಯೇ 1833ರಲ್ಲಿ ವರದಿ ಕೊಟ್ಟು ಕಂದಾಯ ಆಡಳಿತದ ಕೆಡುಕನ್ನು ಎತ್ತಿ ಹೇಳಬೇಕಾಯಿತು.

ಇದಕ್ಕಿಂತ ದೊಡ್ಡ ಸಾಕ್ಷಿ ಘಟ್ಟದ ಕೆಳಗಿದೆ. ಕೆನರಾ 1799ರಿಂದ ಕಂಪನಿಯ ಕೈಯಲ್ಲಿತ್ತು. ಅಲ್ಲಿ ಒಡೆಯರೂ ಇಲ್ಲ, ಅಮಲ್ದಾರರ ಶರತ್ತೂ ಇಲ್ಲ. ಆದರೂ ಅದೇ 1830-31ರಲ್ಲಿ ಕೆನರಾದ ರೈತರೂ ಕೂಟ ಕಟ್ಟಿದರು, ಕಂದಾಯ ನಿಲ್ಲಿಸಿದರು. ಘಟ್ಟದ ಮೇಲೆ ಒಬ್ಬ ಪ್ರಭು, ಕೆಳಗೆ ಇನ್ನೊಬ್ಬ ಪ್ರಭು. ಗೆದ್ದ ಬಗೆ ಬೇರೆ, ಬಾವುಟ ಬೇರೆ. ಕೂಟ ಮಾತ್ರ ಒಂದೇ, ಕೂಟದ ಬಾಯಲ್ಲಿ ಬಂದ ಮಾತೂ ಒಂದೇ. ಹಾಗಾದರೆ ದಂಗೆಯ ಬೇರು ಪಂಚಾಂಗದಲ್ಲಿತ್ತೇ, ಕಂದಾಯದ ಲೆಕ್ಕದಲ್ಲಿತ್ತೇ? ಓದುಗರೇ ತೀರ್ಮಾನಿಸಲಿ.

ಗೆದ್ದ ಹೊಸದರಲ್ಲಿ ದಂಗೆ ಏಳುವುದಿಲ್ಲ ಎಂದು ನಾವು ಹೇಳುತ್ತಿಲ್ಲ. 1834ರಲ್ಲಿ ಕೊಡಗನ್ನು ಕಂಪನಿ ತೆಗೆದುಕೊಂಡಿತು. ಮೂರೇ ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದ ಜನ ಎದ್ದು ಮಂಗಳೂರಿನವರೆಗೆ ನಡೆದರು. ಆಟದ ಸೂತ್ರ ಇಲ್ಲಿ ಸರಿಹೊಂದುವಂತೆ ಕಾಣುತ್ತದೆ. ಆದರೆ ಅಲ್ಲಿಯೂ ಒಳಹೊಕ್ಕು ನೋಡಿ. ಕೊಡಗಿನ ಅರಸರ ಕಾಲದಲ್ಲಿ ದವಸದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಕೆನರಾಕ್ಕೆ ಸೇರಿಸಿದ ಮೇಲೆ ನಗದಾಗಿ ಕಟ್ಟಿ ಎಂದರು. ನಗದು ಬೇಕೆಂದರೆ ರೈತ ಬೆಳೆದದ್ದನ್ನು ಸುಗ್ಗಿಯ ಬೆಲೆಗೆ ಮಾರಬೇಕು, ಇಲ್ಲವೇ ಸಾಹುಕಾರನ ಬಾಗಿಲಿಗೆ ಹೋಗಬೇಕು. ಹಳೆಯ ಅರಸನ ನೆನಪಿಗೆ ಕಿಚ್ಚು ಹಚ್ಚಿದ್ದು ಈ ನಗದಿನ ಹಟ.

ಈಗ ಆಟಕ್ಕೆ ಬನ್ನಿ. ರಾಜ್ಯದಲ್ಲಿ ತೆರಿಗೆಯ ದರ ಎಷ್ಟು ಎಂದು ಆಟಗಾರ ಗೊತ್ತುಮಾಡುವ ಏರ್ಪಾಡೇ ಈ ನಾಲ್ಕನೆಯ ಆಟದಲ್ಲಿ ಇಲ್ಲ! ಸೀಮೆಗೆ ಇಷ್ಟು ಬೆಲೆ, ಬೆಲೆಗೆ ತಕ್ಕ ತೆರಿಗೆ, ತಿಂಗಳಿಗೊಮ್ಮೆ ಬೊಕ್ಕಸಕ್ಕೆ ತಾನಾಗಿ ಬಂದು ಬೀಳುತ್ತದೆ. ಯಾರು ಕೊಟ್ಟರು, ಏನನ್ನು ಮಾರಿ ಕೊಟ್ಟರು ಎಂಬುದಿಲ್ಲ. ರೈತರ ದಂಗೆ ಎಂಬ ಹೆಸರಿನ ಒಂದು ಬಗೆ ಇದೆ ಎನ್ನಿ. ಹೆಸರಿದೆ, ಆದರೆ ಹೊಲವಿಲ್ಲ. ಸ್ವಾಯತ್ತತೆ ಹೆಚ್ಚಿಸಿದರೆ ಜನ ತಣ್ಣಗಾಗುತ್ತಾರೆ ಎಂಬಲ್ಲಿ ಮಾತ್ರ, ಕಿತ್ತುಕೊಳ್ಳುವುದು ಕಡಿಮೆಯಾದರೆ ಕೋಪವೂ ಕಡಿಮೆಯಾಗುತ್ತದೆ ಎಂಬ ನಿಜದ ನೆರಳು ಸುಳಿಯುತ್ತದೆ. ಅದೂ ಆಟಗಾರನ ಕೃಪೆಯಾಗಿ, ಜನರ ಹಕ್ಕಾಗಿ ಅಲ್ಲ.

ಒಂದು ಸಂಜೆ ಹುಡುಗನ ತಂದೆ ಪಾಳಿ ಮುಗಿಸಿ ಬಂದು ನಮ್ಮ ಹಿಂದೆ ನಿಂತರು. ಬಹಳ ಹೊತ್ತು ನಕ್ಷೆ ನೋಡಿ, “ಇದರಲ್ಲಿ ನಮ್ಮ ಹಳ್ಳಿ ಎಲ್ಲಿದೆಯೋ?” ಎಂದರು. ಹುಡುಗ ಹುಡುಕಲೂ ಇಲ್ಲ. “ಹಳ್ಳಿಗಳು ಇರೋದಿಲ್ಲಪ್ಪಾ” ಎಂದ.

ಕೆರಳಿದ ಜನ ಸುಮ್ಮನಾದದ್ದು

ನಗರದ ಬಂಡಾಯ ಅಡಗಿದ ಮೇಲೆ ಏನಾಯಿತೆಂಬುದನ್ನು ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ವಿಶೇಷವಾಗಿ ಗಮನಿಸಬೇಕು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ. ಅವನ ಕಾಲದಲ್ಲಿ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಏಳುನೂರ ಅರವತ್ತೊಂಬತ್ತು! ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ತಲೆಯ ಮೇಲಿನ ಕೂದಲನ್ನೂ ಎಣಿಸುವ ಪ್ರಭುತ್ವವನ್ನು ಜನ ತಮ್ಮದೆಂದು ಒಪ್ಪುವುದು ಎಂತು?

ಕಂಪನಿ ಧರ್ಮಾತ್ಮನಾಗಿ ಇದನ್ನು ಮಾಡಿತೆಂದು ನಾವು ಹೇಳುವುದಿಲ್ಲ. ಹಿಂಡುವ ಕೈ ಸಡಿಲಿಸದಿದ್ದರೆ ಹಸು ಒದೆಯುತ್ತದೆ ಎಂದು ಒದೆ ತಿಂದ ಮೇಲೆ ಕಲಿತ ಬುದ್ಧಿ ಅದು. ದೊಡ್ಡ ಕಪ್ಪ ಮಾತ್ರ ಒಂದು ಕಾಸೂ ಕಡಿಮೆಯಾಗಲಿಲ್ಲ. 1881ರಲ್ಲಿ ರಾಜ್ಯ ಹಿಂದಿರುಗಿಸುವಾಗ ಅದನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿ ಬರೆಸಿಕೊಂಡರು, ಹೆಚ್ಚಿನ ಹಣದ ವಸೂಲಿ ಮಾತ್ರ ಕೆಲವು ವರ್ಷ ಮುಂದಕ್ಕೆ ಹೋಯಿತು. ಆದರೂ ನಮ್ಮ ವಾದಕ್ಕೆ ಇಷ್ಟು ಸಾಕು. ಸೀಮೆ ಸುಮ್ಮನಾದದ್ದು ವರ್ಷಗಳು ಉರುಳಿದ್ದರಿಂದಲ್ಲ, ದಂಡಿನ ಏಟಿನಿಂದಲೂ ಅಲ್ಲ. ಅದಕ್ಕೆ ಬೆಲೆ ತೆತ್ತವರು ಕೂಟ ಸೇರಿದ ರೈತರು. 769ರ ಪಟ್ಟಿಯ ಮೇಲೆ ಗೀಟು ಎಳೆದದ್ದು ಕಬ್ಬನ್ನನ ಲೇಖನಿ ಇರಬಹುದು, ಆ ಲೇಖನಿಯನ್ನು ಅವನ ಕೈಗೆ ಕೊಟ್ಟವರು ಅವರು.

ಭಾಷೆಯ ಗುಂಡಿ

ಆಟದಲ್ಲಿ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿ ರಾಜತಂತ್ರದ ಅಂಕ ಖರ್ಚು ಮಾಡಿದರೆ, ಗೆದ್ದ ಸೀಮೆಯ ನುಡಿ ಮತ್ತು ಸಂಸ್ಕೃತಿ ಕೆಲವು ವರ್ಷಗಳಲ್ಲಿ ಆಟಗಾರನದಕ್ಕೆ ತಿರುಗಿಬಿಡುತ್ತದೆ. ನಿನ್ನೆ ಒಂದು ನುಡಿ, ಇವತ್ತು ಇನ್ನೊಂದು. ಅಲ್ಲಿನ ಅಜ್ಜಿಯರು ಎಲ್ಲಿ ಹೋದರು, ಜೋಗುಳ ಯಾವ ಭಾಷೆಗೆ ತಿರುಗಿತು ಎಂದು ಯಾರೂ ಕೇಳುವ ಹಾಗಿಲ್ಲ.

ನಿಜದಲ್ಲಿ ಹಾಗೆ ಆಗುತ್ತದೆಯೇ? ಧಾರವಾಡ ಸೀಮೆಯನ್ನು ನೋಡಿ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಆ ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಚೇರಿಯಲ್ಲಿ ಮರಾಠಿ, ಕನ್ನಡ ಮಕ್ಕಳ ಶಾಲೆಯಲ್ಲೂ ಮರಾಠಿ. ಮರಾಠಿಯ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ, ಅದು ದೊಡ್ಡ ಭಾಷೆ, ನೆರೆಯ ಭಾಷೆ. ಆದರೆ ಮನೆಯಲ್ಲಿ ಆಡದ ನುಡಿಯಲ್ಲಿ ಮಗುವಿಗೆ ಅಕ್ಷರ ಕಲಿಸಿದರೆ ಅಕ್ಷರವೇ ಅನ್ಯವಾಗುತ್ತದೆ. ಮಾಸ್ತರಿಕೆ ಮಾಡಿದ ನಮಗೆ ಇದು ಗೊತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹವರು ಕನ್ನಡ ಶಾಲೆಗಳಿಗಾಗಿ ಹೆಣಗಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕೊನೆಗೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1818ರಿಂದ 1956ಕ್ಕೆ 138 ವರ್ಷ. ಆಟದ ಸೂತ್ರಕ್ಕೆ ಮೂವತ್ತು ವರ್ಷದ ಆಯುಸ್ಸು, ಜನರ ನುಡಿಗೆ 138 ವರ್ಷ ಕಾದು ಗೆಲ್ಲುವ ಆಯುಸ್ಸು.

ಆಟ ಆಟವೇ ಅಲ್ಲವೇ?

ಇಷ್ಟು ಹೊತ್ತಿಗೆ ಯಾರಾದರೂ ಹೇಳಿಯಾರು: ಚದುರಂಗದಲ್ಲಿಯೂ ಕಾಲಾಳು ಸಾಯುತ್ತಾನೆ. ಅವನ ಹೆಂಡತಿ ಮಕ್ಕಳ ಗತಿ ಏನೆಂದು ನೀವು ಕೇಳಿದಿರಾ? ಮಾತು ಸರಿ. ಆದರೆ ಚದುರಂಗ ತಾನು ಇತಿಹಾಸವೆಂದು ಹೇಳಿಕೊಳ್ಳುವುದಿಲ್ಲ. ಅದರಲ್ಲಿ ರಾಯಚೂರಿಲ್ಲ, ಬಹಮನಿಯಿಲ್ಲ, 1444ರ ನವೆಂಬರ್ ಇಲ್ಲ. ಈ ಆಟ ನಿಜವಾದ ಊರಿನ ಹೆಸರು, ನಿಜವಾದ ಅರಸನ ಹೆಸರು, ನಿಜವಾದ ತಾರೀಖು ಇಟ್ಟುಕೊಂಡು ಮಾತನಾಡುತ್ತದೆ. ನಿಜವಾದ ಹೆಸರು ಹೇಳಿದವನನ್ನು ನಿಜವಾದ ಪ್ರಶ್ನೆ ಕೇಳುವುದು ತಪ್ಪಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಕಂಪನಿ 2025ರ ನವೆಂಬರ್ ತಿಂಗಳಿನಲ್ಲಿ ಐದನೆಯ ಆಟವನ್ನು ಹೊರತಂದಿದೆ. ಅದರ ಕಥೆ 1337ರಿಂದ ಮೊದಲು. ಅದರಲ್ಲಿ ಜನಸಂಖ್ಯೆಯನ್ನು ತಂದಿದ್ದಾರೆ. ಶ್ರೀಮಂತರು, ಪುರೋಹಿತರು, ಪೇಟೆಯವರು, ರೈತರು ಎಂದು ವಿಂಗಡಿಸಿದ್ದಾರೆ. ವರ್ಗವರ್ಗಕ್ಕೆ ತೆರಿಗೆ ಎಷ್ಟೆಂದು ಆಟಗಾರ ಗೊತ್ತುಮಾಡಬಹುದು, ಹೆಚ್ಚಿಸಿದರೆ ಆ ವರ್ಗ ಮುನಿಯುತ್ತದೆ. ರಾಜಧಾನಿಯಿಂದ ದೂರ ಹೋದಷ್ಟೂ ರಾಜನ ಹಿಡಿತ ಸಡಿಲವಾಗುತ್ತದೆ, ರಸ್ತೆ ಮಾಡಿಸಿದರೆ ಬಿಗಿಯಾಗುತ್ತದೆ. ಅಂದರೆ, ಗೆದ್ದ ನೆಲದಲ್ಲಿ ಮನುಷ್ಯರಿದ್ದಾರೆ ಎಂಬುದು ಆಟ ಕಟ್ಟಿದವರಿಗೇ ಹೊಳೆದಿದೆ. ಸಂತೋಷ. ನಮ್ಮ ಹುಡುಗನ ಹಳೆಯ ಕಂಪ್ಯೂಟರಿಗೆ ಆ ಹೊಸ ಆಟದ ಭಾರ ಹೊರುವ ಶಕ್ತಿಯಿಲ್ಲವಂತೆ, ಆ ಮಾತು ಬೇರೆ.

ಆದರೆ ಹೊಸದಿರಲಿ ಹಳೆಯದಿರಲಿ, ಆಡುವವನ ಕುರ್ಚಿ ಬದಲಾಗಿಲ್ಲ. ಅವನು ಕೂರುವುದು ಗದ್ದಿಗೆಯ ಮೇಲೆಯೇ. ಜನರ ಅಸಮಾಧಾನ ಅವನಿಗೆ ಒಂದು ಅಂಕೆ, ಇಳಿಸಬೇಕಾದ ಅಂಕೆ. ನಮ್ಮ ಆತಂಕವೆಲ್ಲ ಇಲ್ಲಿದೆ. ಮಿಲ್ಲಿನ ಕಾರ್ಮಿಕನ ಮಗ ದಿನಾ ರಾತ್ರಿ ಮೂರು ಗಂಟೆ ಗದ್ದಿಗೆಯ ಮೇಲೆ ಕೂತು ಕೆಳಗೆ ನೋಡುವುದನ್ನು ಅಭ್ಯಾಸ ಮಾಡುತ್ತಾನೆ. ನಾಳೆ ಅವನ ತಂದೆಯ ಮಿಲ್ಲಿನಲ್ಲಿ ಮುಷ್ಕರವಾದರೆ, ಅವನು ಅದನ್ನು ತಂದೆಯ ಹೊಟ್ಟೆಯ ಮಾತೆಂದು ನೋಡುತ್ತಾನೆಯೋ, ಯಾವನೋ ಆಟಗಾರ ಇಳಿಸಬೇಕಾದ ಅಂಕೆಯೆಂದು ನೋಡುತ್ತಾನೆಯೋ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇದೆ. ಇಲಿಯ ಮಕ್ಕಳೇ ಬೆಕ್ಕಿನ ಆಟ ಆಡತೊಡಗಿದರೆ ಗಾದೆಯನ್ನು ತಿದ್ದಬೇಕಾದೀತು.

ಆಟವನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಕದ ಹಾಕಿದರೆ ಹುಡುಗರು ಕಿಟಕಿಯಿಂದ ಹೋಗುತ್ತಾರೆ. ತಂದೆತಾಯಿಗಳು ವಾರಕ್ಕೊಂದು ಸಂಜೆ ಪಕ್ಕದಲ್ಲಿ ಕೂರಲಿ. ಕೂತು ಮೂರೇ ಪ್ರಶ್ನೆ ಕೇಳಲಿ. ಈ ಸೀಮೆಯ ತೆರಿಗೆ ಯಾರ ಹೊಲದಿಂದ ಬಂತು? ದಂಗೆ ಎದ್ದವರು ಏನು ಕೇಳಿದರು? ಕೇಳಿದ್ದನ್ನು ಕೊಟ್ಟಿದ್ದರೆ ದಂಡು ಕಳಿಸುವ ಖರ್ಚಿಗಿಂತ ಕಡಿಮೆ ಆಗುತ್ತಿತ್ತೋ ಹೆಚ್ಚು ಆಗುತ್ತಿತ್ತೋ? ಈ ಪ್ರಶ್ನೆ ಕೇಳಲು ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಕಂದಾಯ ಕಟ್ಟಿದ ಅಜ್ಜನ ಮೊಮ್ಮಗನಾಗಿದ್ದರೆ ಸಾಕು. ಮಾಸ್ತರ ಮಿತ್ರರಿಗೂ ನಮ್ಮ ಬಿನ್ನಹವಿದೆ. ‘ಗೆದ್ದನು’ ಎಂದು ಬರೆಸಿದಲ್ಲಿ ಪೂರ್ಣವಿರಾಮ ಹಾಕಿಸಬೇಡಿ. ಮರುದಿನ ಏನಾಯಿತು ಎಂದು ಮಕ್ಕಳಿಂದಲೇ ಕೇಳಿಸಿರಿ. ನಾವು ಮಾಡದೆ ಬಿಟ್ಟ ಕೆಲಸ ಅದು.

ಗೆದ್ದ ನೆಲ ಅರಗುವುದು ಹೇಗೆ ಎಂಬ ಪ್ರಶ್ನೆಗೆ ನಗರದ ಕೂಟಗಳು ಕೊಟ್ಟ ಉತ್ತರ ಸರಳವಾದದ್ದು. ನೆಲವನ್ನು ಗೆದ್ದವನು ಅರಗಿಸಿಕೊಳ್ಳುವುದಿಲ್ಲ, ಅಲ್ಲಿನ ಜನ ಅವನನ್ನು ಒಪ್ಪಿಕೊಳ್ಳುತ್ತಾರೆ ಅಥವಾ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಗೆಯ ಬೆಲೆಯನ್ನು ಗೊತ್ತುಮಾಡುವವರೂ ಅವರೇ.

ಮುಂದಿನ ಭಾನುವಾರ ನಾವು ಮತ್ತೆ ಆ ಮನೆಗೆ ಹೋಗುವವರಿದ್ದೇವೆ. 769 ತೆರಿಗೆಗಳ ಸಂಗತಿಯನ್ನು ಹುಡುಗನಿಗೆ ಇನ್ನೂ ಹೇಳಿಲ್ಲ. ರಾಯಚೂರು ಏನಾಯಿತೆಂದು ತಿಳಿಯುವ ಕುತೂಹಲವೂ ಇದೆ. ತಂದೆಯವರಿಂದ ಚಂದಾ ಬರುವುದೂ ಬಾಕಿ ಇದೆ.